ಚಿಲಕದಲ್ಲಿಟ್ಟ ಬನ್ನಿ

ಯಾರು ಬಂದರೂ ದಾದಾ ಎದ್ದು ನಿಲ್ಲುತ್ತಿದ್ದರು. ಹಾಲು ಹಾಕಲು ಬಂದ ಹೆಣ್ಣುಮಗಳಿರಲಿ, ಕರೆಂಟಿನ ಬಿಲ್ಲು ಕೊಡಲು ಬಂದ ಹುಡುಗನಿರಲಿ, ಕುರ್ಚಿಯ ಎರಡೂ ಕೈಗಳನ್ನು ಒತ್ತಿ ಹಿಡಿದು, ಸೊಂಟದ ನೋವಿಗೆ ಹಲ್ಲು ಕಚ್ಚಿ ನಿಧಾನವಾಗಿ ಏಳುತ್ತಿದ್ದರು. ಬಂದವರು ಗಾಬರಿಯಾಗಿ "ಕುಂದರ್ರಿ ಧಣಿ, ಕುಂದರ್ರಿ" ಅನ್ನುತ್ತಿದ್ದರು. "ನೀವು ಕುಂತ್ರ ನಾನೂ ಕುಂದರ್ತೀನಿ" ಅನ್ನುತ್ತಿದ್ದರು ದಾದಾ. ಧಣಿಯ ಎದುರು ಕೂಡುವುದು ಹೇಗೆಂದು ಬಂದವರು ನಿಂತೇ ಇರುತ್ತಿದ್ದರು. ದಾದಾನೂ ನಿಂತೇ ಇರುತ್ತಿದ್ದರು. ನಮ್ಮ ವಾಡೆಯಲ್ಲಿ, ಅಂದರೆ ಹಳೆಯ ಅರಮನೆಯಂಥ ಆ ದೊಡ್ಡ ಮನೆಯಲ್ಲಿ, ಎಷ್ಟೋ ಮಾತುಕತೆಗಳು ಹೀಗೆ, ಖಾಲಿ ಕುರ್ಚಿಗಳ ನಡುವೆ, ಇಬ್ಬರೂ ನಿಂತುಕೊಂಡೇ ಮುಗಿದಿವೆ.

ದಾದಾ ಅಂದರೆ ನನ್ನ ಅಣ್ಣ. ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಊರಿಗೆ ಧಣಿ, ನನಗೆ ದಾದಾ. ಇಲ್ಲಿಯೂ ಹಾಗೇ ಇರಲಿ. ನಾನು ಓದಿದವನಲ್ಲ, ಏಳನೆಯ ಇಯತ್ತೆಗೇ ಸಾಲಿ ಬಿಟ್ಟವನು. ದಾದಾನನ್ನು ಓದಲು ಬೆಳಗಾವಿಗೆ ಕಳಿಸಿದಾಗ ನಮ್ಮ ಅಪ್ಪ, "ಒಬ್ಬ ಓದ್ಲಿ, ಒಬ್ಬ ವಾಡೆ ಕಾಯ್ಲಿ" ಅಂದಿದ್ದರು. ನಾನು ಕಾದೆ. ಕಾಯುವುದಕ್ಕೆ ಏನೂ ಉಳಿಯದ ಮೇಲೂ ಕಾದೆ. ನಾನು ಮಾಡಿದ ತಪ್ಪಿಗೆ ಅದೇ ಮೂಲ ಅಂತ ಈಗ ಅನ್ನಿಸುತ್ತದೆ.

ಹುಕ್ಕೇರಿಯಿಂದ ಘಟಪ್ರಭಾಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕಾದ ಊರು ನಮ್ಮದು. ಒಂದು ಕಾಲಕ್ಕೆ ಸುತ್ತಲಿನ ಹಳ್ಳಿಗಳೆಲ್ಲ ನಮ್ಮ ಮನೆತನದ ಕೈಯಲ್ಲಿದ್ದವಂತೆ. ಸಣ್ಣ ಸಂಸ್ಥಾನ. ಮೈಸೂರು, ಕೊಲ್ಹಾಪುರದ ಅರಸರ ಎದುರು ಲೆಕ್ಕಕ್ಕಿಲ್ಲದ್ದು. ಆದರೂ ಗಾದಿ, ಕತ್ತಿ, ಕುದುರೆ, ಮನೆಯ ಹೆಂಗಸರು ಹೊರಗೆ ಹೋಗಲು ಪರದೆ ಕಟ್ಟಿದ ಮೋಟಾರು ಎಲ್ಲ ಇದ್ದವು. ನನಗೆ ಬುದ್ಧಿ ಬರುವ ಹೊತ್ತಿಗೆ ಕುದುರೆ ಹೋಗಿತ್ತು. ಮೋಟಾರು ನಿಂತಲ್ಲೇ ನಿಂತು ಗಾಲಿ ಕುಸಿದಿತ್ತು. ಪರದೆಯ ಹಿಂದೆ, ನಮ್ಮ ಅಜ್ಜಿ ಕೂಡುತ್ತಿದ್ದ ಮಕಮಲ್ಲಿನ ಸೀಟಿನಲ್ಲಿ ಬೆಕ್ಕು ಮರಿ ಹಾಕುತ್ತಿತ್ತು. ದಾದಾ ಆ ಮೋಟಾರಿನ ಬಾಗಿಲು ತೆರೆಯುವ ಮುಂಚೆ ಬೆರಳಿನಿಂದ ತಟ್ಟುತ್ತಿದ್ದರು. "ಒಳಗ ಬಾಣಂತಿ ಅದಾಳ. ಹೇಳದ ಕೇಳದ ಹೋಗಬಾರದು" ಅನ್ನುತ್ತಿದ್ದರು. ನಗಿಸಲು ಹೇಳುತ್ತಿದ್ದರೋ ಖರೆಯಾಗಿಯೋ, ಮುಖ ನೋಡಿದರೆ ತಿಳಿಯುತ್ತಿರಲಿಲ್ಲ.

ಉಳುವವನಿಗೇ ಹೊಲ ಎಂಬ ಕಾನೂನು ಬಂದಾಗ ಅಪ್ಪ ಇನ್ನೂ ಇದ್ದರು. ವಿಚಾರಣೆ ಹುಕ್ಕೇರಿಯ ಕಚೇರಿಯಲ್ಲಿ. ನಮ್ಮಂಥ ಮನೆಗಳವರೆಲ್ಲ ವಕೀಲರನ್ನು ಹಿಡಿದು ಓಡಾಡುತ್ತಿದ್ದರು. ದಾದಾ ಒಬ್ಬರೇ ಬಸ್ಸಿನಲ್ಲಿ ಹೋದರು. ಅದೇ ಬಸ್ಸಿನಲ್ಲಿ ನಮ್ಮ ಹೊಲ ಕೇಳಿ ಅರ್ಜಿ ಹಾಕಿದ ರೈತರೂ ಇದ್ದರು. ಧಣಿಯನ್ನು ಕಂಡು ಒಬ್ಬ ಸೀಟು ಬಿಟ್ಟು ಎದ್ದ. ದಾದಾ ಕೂಡಲಿಲ್ಲ. ಧಣಿ ನಿಂತಾಗ ಅವನೂ ಕೂಡಲಿಲ್ಲ. "ಯಾರರ ಒಬ್ರು ಕುಂದರ್ರಿಪಾ, ಇಲ್ಲಾಂದ್ರ ನಾನ ಕುಂದರ್ತೀನಿ" ಎಂದು ಕಂಡಕ್ಟರ್ ಬೇಸತ್ತನಂತೆ. ಕಚೇರಿಯಲ್ಲಿ ಸಾಹೇಬರು ಈ ಹೊಲ ಉಳುವವರು ಯಾರೆಂದು ಕೇಳಿದರು. ದಾದಾ ರೈತರ ಕಡೆ ಕೈ ಮಾಡಿ, "ಇವರ ಉಳತಾರ್ರಿ. ಇವರ ಅಪ್ಪಂದಿರೂ ಉಳತಿದ್ರು. ನಮಗ ಎತ್ತಿಗೆ ನೊಗಾ ಹೂಡಾಕ ಬರೂದಿಲ್ಲ" ಅಂದರು. ಕೆಲಸ ಅಲ್ಲಿಗೆ ಮುಗಿಯಿತು.

ಅಪ್ಪ ಆಮೇಲೆ ಸಾಯುವವರೆಗೆ ದಾದಾನ ಜೊತೆ ಮಾತಾಡಲಿಲ್ಲ. ಊಟಕ್ಕೆ ಕರೆಯಬೇಕಾದರೂ ನನ್ನ ಬಾಯಿಂದ ಕರೆಸುತ್ತಿದ್ದರು. "ಅವಗ ಹೇಳು." "ಅಪ್ಪಾರಿಗೆ ಹೇಳು." ಒಂದೇ ಪಡಸಾಲೆಯಲ್ಲಿ ಕೂತ ಇಬ್ಬರ ನಡುವೆ ಮಾತು ಹೊತ್ತು ತಿರುಗಿದವನು ನಾನು. ಆ ದಿನಗಳಲ್ಲಿ ವಾಡೆಯಲ್ಲಿ ನನಗೊಂದು ಬೆಲೆ ಬಂದಿತ್ತು, ಅದು ನನಗೆ ಹಿಡಿಸಿತ್ತು. ಹೇಳಿದ್ದನ್ನು ಹೇಳಿದಂತೆ ಮುಟ್ಟಿಸಬೇಕಿಲ್ಲ, ನಡುವೆ ಒಂದಿಷ್ಟು ನುಂಗಿದರೂ ಯಾರಿಗೂ ತಿಳಿಯುವುದಿಲ್ಲ ಅನ್ನುವುದನ್ನು ಕಲಿತದ್ದೂ ಆಗಲೇ.

ದಾದಾನ ಹೆಂಡತಿ ಬೇಗ ಹೋದರು. ಮಕ್ಕಳಾಗಿರಲಿಲ್ಲ. ಮತ್ತೆ ಮದುವೆಯಾಗಲು ಹೇಳಿದರೆ, "ಆತು ಬಿಡು" ಅಂದರು. ಅವರು ಹೆಚ್ಚು ಆಡಿದ ಮಾತು ಅದೇ. ಮಾಳಿಗೆ ಸೋರಿದರೂ ಆತು ಬಿಡು, ಗಾದಿಯ ರುಮಾಲನ್ನು ಇಲಿ ಕಡಿದರೂ ಆತು ಬಿಡು. ಒಮ್ಮೆ ಮಾತ್ರ ಅದಕ್ಕೆ ಇನ್ನೊಂದು ಸೇರಿಸಿದ್ದು ಕೇಳಿದ್ದೇನೆ: "ಇಷ್ಟ ದಿನಾ ದೊಡ್ಡವರಾಗಿ ಇದ್ದು ಇದ್ದು ಸುಸ್ತಾಗೇತೋ. ನಿನಗ ಆಗಿಲ್ಲೇನು?" ನನಗೆ ಆಗಿರಲಿಲ್ಲ.

ಈಚೆಗೆ ಗೋಕಾಕ, ಮೂಡಲಗಿ ಕಡೆಯಿಂದ ಮದುವೆಗೆ ಮುಂಚೆ ಫೋಟೊ ತೆಗೆಸಿಕೊಳ್ಳುವ ಜೋಡಿಗಳು ವಾಡೆಗೆ ಬರತೊಡಗಿದ್ದವು. ಬೇಡ ಅನ್ನಿರೆಂದು ನಾನು ಹೇಳಿದರೆ ದಾದಾ ಅವರಿಗೆ ಚಹಾ ಮಾಡಿಸುತ್ತಿದ್ದರು. ಮೂಡಲಗಿಯಿಂದ ಬಂದ ಒಬ್ಬ ಫೋಟೊಗ್ರಾಫರ್, ನಮ್ಮದೇ ಕಟ್ಟೆಯ ಮೇಲೆ ನಿಂತ ದಾದಾನಿಗೆ, "ಅಜ್ಜಾರ, ಸ್ವಲ್ಪ ಬಾಜೂಕ ಸರೀರಿ, ಫ್ರೇಮಿನಾಗ ಬರಾಕತ್ತೀರಿ" ಅಂದ. ದಾದಾ ಸರಿದರು. "ರಾಜಾನ ಕುರ್ಚಿ ಐತೇನ್ರಿ?" ಅಂದ. ದಾದಾ ಒಳಗಿನಿಂದ ತಾವೇ ಹೊತ್ತು ತಂದು, ಧೂಳು ಒರೆಸಿ ಇಟ್ಟರು. ಬಾಡಿಗೆ ಪೇಟ ಸುತ್ತಿದ ಹುಡುಗ ಅದರಲ್ಲಿ ಒರಗಿ ಕೂತ.

"ಹಂಗಲ್ಲೋ ತಮ್ಮಾ" ಅಂದರು ದಾದಾ. "ಬೆನ್ನ ಹಚ್ಚಬ್ಯಾಡ. ಬೆನ್ನ ಹಚ್ಚಿದ್ರ ನಿದ್ದಿ ಬರತೈತಿ. ನಿದ್ದಿ ಬಂದ್ರ ಸಂಸ್ಥಾನ ಹೋಗತೈತಿ."

"ನಿಮ್ದು ಹಂಗ ಹೋಯ್ತೇನ್ರಿ ಅಜ್ಜಾರ?" ಅಂತ ಹುಡುಗಿ ನಕ್ಕಳು.

"ಹಂಗ ಹೋಯ್ತವಾ. ಭಾಳ ಚಲೋ ನಿದ್ದಿ ಹತ್ತಿತ್ತು."

ಅವರು ಹೋದ ಮೇಲೆ ನಾನು ಕೂಗಾಡಿದೆ. ದಾದಾ ಕುರ್ಚಿಯನ್ನು ಒಳಗಿಡುತ್ತ, "ಕುರ್ಚಿಗೂ ಯಾರರ ಕುಂದರಬೇಕಲ್ಲ" ಅಂದರು.

ಆ ಕುರ್ಚಿಯೇ ನಮ್ಮ ಗಾದಿ. ಅದರಲ್ಲಿ ದಾದಾ ಕೂಡುತ್ತಿದ್ದದ್ದು ವರ್ಷಕ್ಕೊಮ್ಮೆ, ದಸರೆಯ ದಶಮಿಯ ಸಂಜೆ. ಆ ದಿನ ನಮ್ಮ ಕಡೆ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೋಣು ಅನ್ನುತ್ತಾರೆ. ಸಣ್ಣವರು ದೊಡ್ಡವರ ಮನೆಗೆ ಹೋಗಿ ಕೊಡಬೇಕು. ಧಣಿಗಿಂತ ದೊಡ್ಡವರು ಊರಲ್ಲಿ ಇಲ್ಲವಾದ್ದರಿಂದ ಧಣಿ ಯಾರ ಮನೆಗೂ ಹೋಗುವುದಿಲ್ಲ. ಬನ್ನಿ ಗಿಡಕ್ಕೆ ಕತ್ತಿ ಮುಟ್ಟಿಸಿ ಬಂದು ಗಾದಿಯ ಮೇಲೆ ಕೂಡುತ್ತಾನೆ. ಊರು ಬರುತ್ತದೆ. ಒಕ್ಕಲಿಗರು, ವ್ಯಾಪಾರದವರು, ಮುಸಲ್ಮಾನ ಓಣಿಯ ಹಿರಿಯರು ಮೆಟ್ಟಿಲು ಹತ್ತಿ ಬಂದು ಕೈಯಲ್ಲಿ ಕೈಯಿಟ್ಟು ಬನ್ನಿ ಕೊಡುತ್ತಾರೆ. ಊರು ಮುಟ್ಟಿಸಿಕೊಳ್ಳದೆ ಹೊರಗಿಟ್ಟ ಕೇರಿಯ ಜನ ಮಾತ್ರ ಅಂಗಳದಲ್ಲೇ ನಿಲ್ಲಬೇಕು. ಕೆಳಗಿನ ಮೆಟ್ಟಿಲ ಮೇಲೆ ಒಂದು ಹಿತ್ತಾಳೆಯ ಹರಿವಾಣ. ಅವರು ತಮ್ಮ ಬನ್ನಿಯನ್ನು ಅದರಲ್ಲಿ ಹಾಕಬೇಕು. ಧಣಿಯ ಬನ್ನಿಯನ್ನು ಮೇಲಿನಿಂದ ಅವರ ಬೊಗಸೆಗೆ ಉದುರಿಸುತ್ತಾರೆ. ಕೈಗೆ ಕೈ ತಾಕುವುದಿಲ್ಲ.

ಬನ್ನಿ ಗಿಡದವರೆಗೆ ಧಣಿಯ ಮುಂದೆ ಹಲಗೆ ಬಾರಿಸುತ್ತ ನಡೆಯುತ್ತಿದ್ದವನು ಕೇರಿಯ ಪರಸಪ್ಪ. ದಾದಾನ ವಾರಿಗೆಯವನು. ಒಂದು ವರ್ಷ ಅವನು ಬಂದು, "ಧಣಿ, ಇನ್ನ ಮ್ಯಾಲ ನಾವು ಹಲಗಿ ಬಾರಸೂದಿಲ್ಲಂತ ಮಾಡೇವಿ" ಅಂದ. ಹೇಳುವಾಗ ನೆಲ ನೋಡುತ್ತಿದ್ದ. ದಾದಾ ಎದ್ದು ನಿಂತು, "ಚಲೋ ಮಾಡಿದ್ರಿ. ನಿನ್ನ ಹಲಗಿ ಸಪ್ಪಳದಾಗ ನನ್ನ ಚಪ್ಪಲ ಸಪ್ಪಳಾ ನನಗ ಕೇಳ್ತಿರಲಿಲ್ಲ" ಅಂದರು. ಪರಸಪ್ಪ ತಲೆಯೆತ್ತಿ ನಕ್ಕ. ಆ ವರ್ಷದಿಂದ ದಾದಾ ಕರಕರ ಸದ್ದು ಮಾಡುವ ತಮ್ಮ ಹಳೆಯ ಚಪ್ಪಲಿ ಮೆಟ್ಟಿ ಸುಮ್ಮನೆ ನಡೆದು ಹೋಗಿ ಬರುತ್ತಿದ್ದರು.

ಹರಿವಾಣದ ಮೇಲೆ ದಾದಾನಿಗೆ ಮೊದಲಿನಿಂದಲೂ ಸಿಟ್ಟಿತ್ತು. ಒಂದು ದಸರೆಗೆ ಗಾದಿಯಿಂದ ಎದ್ದು ಮೆಟ್ಟಿಲ ತುದಿಗೆ ಬಂದು, "ಪರಸಪ್ಪಾ, ಮ್ಯಾಲ ಬರ್ರಿ. ಎಲ್ಲಾರೂ ಬರ್ರಿ" ಅಂದರು. ಅಂಗಳದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಪರಸಪ್ಪ ಒಂದು ಹೆಜ್ಜೆ ಎತ್ತಿ, ಹಿಂದಿಟ್ಟು, ರೂಢಿಯಂತೆ ಹರಿವಾಣಕ್ಕೆ ಬನ್ನಿ ಹಾಕಿದ. ಉಳಿದವರೂ ಹಾಕಿ ಹೋದರು.

ಮುಂದಿನ ದಸರೆ ಬಂದಿತು. ಹಿಂದಿನ ದಿನ ದಾದಾ ನನ್ನನ್ನು ಕರೆದರು.

"ಅವರು ಮ್ಯಾಲ ಬರೂದಿಲ್ಲಂದ್ರ ನಾವ ಕೆಳಗ ಹೋಗಬೇಕು" ಅಂದರು. "ನೀ ಕೇರಿಗೆ ಹೋಗಿ ಹೇಳಿ ಬಾ. ನಾಳೆ ನೀವು ವಾಡೆಕ್ಕ ಬರಬ್ಯಾಡ್ರಿ, ಮನ್ಯಾಗ ಇರ್ರಿ, ನಾನ ನಿಮ್ಮ ಬಾಗಿಲಿಗೆ ಬನ್ನಿ ತರ್ತೀನಿ ಅನ್ನು. ಬಂದ್ರ ಅಡ್ಡಿ ಇಲ್ಲೇನಂತ ಕೇಳು. ಮರೀಬ್ಯಾಡ, ಕೇಳಬೇಕು."

"ದಾದಾ, ಧಣಿ ಕೇರಿಗೆ ಹೋದದ್ದು ಎಲ್ಲೆರೆ ಐತೇನ್ರಿ?"

"ಇಲ್ಲ. ಅದಕ್ಕ ನಿನ್ನ ಕಳಸಾಕತ್ತೀನಿ."

ಮರುದಿನವೇ ನನ್ನ ಮಗಳನ್ನು ನೋಡಲು ಕೃಷ್ಣೆಯ ಆಚೆಯ ಒಂದು ವಾಡೆಯವರು ಬರುವವರಿದ್ದರು. ಇಂಥದ್ದು ಕಿವಿಗೆ ಬಿದ್ದರೆ ಅವರು ಏನಂದಾರು ಅನ್ನುವ ಭಯ ನನಗೆ. ಆದರೆ ಅದೊಂದೇ ಅಲ್ಲ. ದಾದಾ ಓದಿದ್ದರು. ವಾಡೆ ಹೋದರೂ ಅವರು ಏನೋ ಒಂದು ಆಗಿರುತ್ತಿದ್ದರು. ಧಣಿಯ ತಮ್ಮ ಅನ್ನುವುದು ಬಿಟ್ಟರೆ ನಾನು ಏನೂ ಅಲ್ಲ. ಧಣಿ ಕೇರಿಯ ಬಾಗಿಲಲ್ಲಿ ನಿಂತ ಮೇಲೆ ಸಣ್ಣ ಧಣಿ ಅಂತ ನನ್ನನ್ನು ಯಾರು ಕರೆದಾರು? ನಾನು ಮನೆಯಿಂದ ಹೊರಟೆ, ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಕೂತೆ, ಹೊತ್ತು ಕಳೆದು ವಾಪಸು ಬಂದೆ.

"ಏನಂದ್ರು?" ಅಂತ ದಾದಾ ಎದ್ದು ನಿಂತು ಕೇಳಿದರು.

"ಬರ್ಲಿ ಅಂದ್ರು."

ದಾದಾನ ಮುಖದಲ್ಲಿ ಅಂಥ ನಗು ನಾನು ಕಂಡಿದ್ದು ಅದೇ ಕೊನೆ.

ದಶಮಿಯ ಸಂಜೆ ಅವರು ಬನ್ನಿ ಗಿಡದಿಂದ ವಾಡೆಗೆ ಬರಲಿಲ್ಲ. ಗಿಡದ ಹತ್ತಿರವೇ ಉಳಿದವರಿಗೆ ಬನ್ನಿ ಕೊಟ್ಟು ಕಳಿಸಿ, ಧೋತರದ ಮಡಿಲಲ್ಲಿ ಎಲೆ ತುಂಬಿಕೊಂಡು, ಹಿಂದಿನ ಹಳ್ಳದ ದಾರಿ ಹಿಡಿದು ಒಬ್ಬರೇ ಕೇರಿಗೆ ನಡೆದರು. ಮನೆಯಲ್ಲಿ ಬೀಗರಾಗುವವರು ಇದ್ದುದರಿಂದ ನಾನು ಉಳಿದೆ. ಕೇರಿಯವರು ಎಂದಿನಂತೆ ನಾಲ್ಕು ಜನ ಮುದುಕರು ಬಂದಾರು, ಹರಿವಾಣಕ್ಕೆ ಹಾಕಿ ಹೋದಾರು, ದಾದಾ ಉಳಿದವರನ್ನು ಮನೆಯಲ್ಲಿ ಕಂಡಾರು ಅಂತ ನಾನು ಲೆಕ್ಕ ಹಾಕಿ, ಹರಿವಾಣವನ್ನು ಎಂದಿನ ಜಾಗದಲ್ಲೇ ಇಟ್ಟಿದ್ದೆ.

ಊರ ಹೆಬ್ಬಾಗಿಲಾದ ಅಗಸಿಯ ದೊಡ್ಡ ದಾರಿಯಿಂದ ಇಡೀ ಕೇರಿ ಬಂದಿತು. ಗಂಡಸರು, ಹೆಂಗಸರು, ಮಕ್ಕಳು, ಎಲ್ಲರೂ ಹೊಸ ಬಟ್ಟೆಯಲ್ಲಿ. ಮುಂದೆ ಪರಸಪ್ಪ, ಅವನ ಪಕ್ಕ ಅರಭಾವಿಯ ಕಾಲೇಜಿನಲ್ಲಿ ಓದುತ್ತಿದ್ದ ಅವನ ಮೊಮ್ಮಗಳು. ಧಣಿ ಹೋದ ವರ್ಷ ಮೇಲೆ ಕರೆದಿದ್ದಾರೆ, ಈ ವರ್ಷ ಎಲ್ಲರೂ ಹೋಗೋಣ ಅಂತ ಆ ಹುಡುಗಿಯೇ ಕೇರಿಯನ್ನು ಒಪ್ಪಿಸಿದ್ದಳಂತೆ. ಅವರು ಅಂಗಳದಲ್ಲಿ ನಿಲ್ಲಲಿಲ್ಲ. ಹುಡುಗಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು.

"ಧಣಿ ಎಲ್ಲದಾರ್ರಿ?" ಅಂದ ಪರಸಪ್ಪ, ಖಾಲಿ ಗಾದಿ ನೋಡುತ್ತ.

ನನ್ನ ಬೆನ್ನ ಹಿಂದೆ ಬೀಗರಾಗುವವರು ಕೂತಿದ್ದರು. ಒಬ್ಬರು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ನಿಮ್ಮ ಮನೆಗೇ ಹೋಗ್ಯಾರ ಅಂದಿದ್ದರೆ ಮುಗಿಯುತ್ತಿತ್ತು. ಓಡಿ ಹೋಗಿ ಕರೆದು ತರುತ್ತಿದ್ದರು. ನಾನು, "ಇಲ್ಲ. ಹೊರಗ ಹೋಗ್ಯಾರ" ಅಂದೆ. ಆಮೇಲೆ ಬಾಯಿ ಬಿಡದೆ, ಬೆರಳಿನಿಂದ ಹರಿವಾಣ ತೋರಿಸಿದೆ.

ಹುಡುಗಿ ನನ್ನ ಬೆರಳನ್ನು ನೋಡಿದಳು, ಹರಿವಾಣವನ್ನು ನೋಡಿದಳು. ಕೈಯಲ್ಲಿದ್ದ ಬನ್ನಿಯನ್ನು ಅಲ್ಲೇ ಮೆಟ್ಟಿಲ ಮೇಲೆ ಬಿಟ್ಟಳು. ಬಂದ ಹಾಗೆ ತಿರುಗಿ ಹೋದರು.

ಬೀಗರೂ ಹೊರಟು ಹೋದ ಮೇಲೆ, ಕತ್ತಲಾಗುವ ಹೊತ್ತಿಗೆ ದಾದಾ ಹಿತ್ತಲ ಬಾಗಿಲಿನಿಂದ ಬಂದರು. ರುಮಾಲು ಕಂಕುಳಲ್ಲಿತ್ತು. ಕಾಲ ತುಂಬ ಹಳ್ಳದ ಧೂಳು.

"ಒಬ್ರೂ ಇರಲಿಲ್ಲ" ಅಂದರು. "ಎಲ್ಲಾ ಮನಿಗೂ ಕೀಲಿ. ನಾ ಬರ್ತೀನಂತ ತಿಳದ ಹೋಗ್ಯಾರ. ಬ್ಯಾಡ ಅನ್ನಾಕ ನಿನ್ನ ಮುಂದ ಬಾಯಿ ಬಂದಿರಲಿಕ್ಕಿಲ್ಲ." "ಬಾಗಿಲಾ ತಟ್ಟಿ ತಟ್ಟಿ ನೋಡಿ, ಚಿಲಕದಾಗ ಬನ್ನಿ ಸಿಗಿಸಿ ಬಂದೆ" ಅಂದರು. ಆಮೇಲೆ ಕೇಳಿದರು: "ಇಲ್ಲಿಗೆ ಯಾರರ ಬಂದಿದ್ರೇನು?"

ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಆ ಹುಡುಗಿ ಬಿಟ್ಟುಹೋದ ಎಲೆ ನನ್ನ ಕಾಲ ಕೆಳಗಿತ್ತು. ಕಾಲು ಎತ್ತಲಿಲ್ಲ.

"ಯಾರೂ ಬಂದಿಲ್ರಿ" ಅಂದೆ.

"ಆತು ಬಿಡು. ಅವರದು ಸರಿ ಐತಿ. ಇಷ್ಟ ವರ್ಷ ನಾವು ಅಂಗಳದಾಗ ನಿಂದರಿಸಿದ್ವಿ, ಒಂದಿನಾ ಅವರು ನಿಂದರಿಸಿದ್ರು."

ಅದೇ ಕೊನೆ. ಮರುವರ್ಷದಿಂದ ದಾದಾ ಗಾದಿಯ ಮೇಲೆ ಕೂಡಲಿಲ್ಲ, ಬನ್ನಿ ಗಿಡಕ್ಕೂ ಹೋಗಲಿಲ್ಲ. ಕೇರಿಯವರೂ ವಾಡೆಯ ಕಡೆ ತಿರುಗಲಿಲ್ಲ. ಊರು ಸಣ್ಣದು, ಯಾರಾದರೂ ದಾದಾನಿಗೆ ಹೇಳಿಬಿಟ್ಟಾರು ಅಂತ ನಾನು ಬಹಳ ದಿನ ಹೆದರಿದ್ದೆ. ಯಾರೂ ಹೇಳಲಿಲ್ಲ. ಧಣಿಗೆ ಗೊತ್ತಿದ್ದೇ ಆದದ್ದು ಅಂತ ಊರು ತಿಳಿದಿತ್ತು. ಗೊತ್ತಿರುವುದನ್ನು ಧಣಿಯ ಎದುರು ತೆಗೆಯುವ ರೂಢಿ ನಮ್ಮೂರಿಗಿಲ್ಲ. ಆಮೇಲೆ ನಾನು ಹೆದರುವುದನ್ನು ಬಿಟ್ಟು, ಯಾರಾದರೂ ಹೇಳಲಿ ಅಂತ ಕಾಯತೊಡಗಿದೆ. ನಾನೇ ಹೇಳಬಹುದಿತ್ತು. ದಿನಾ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದೆವು. ರೊಟ್ಟಿ ಮುರಿಯುವಾಗ ಹೇಳಬೇಕು ಅನ್ನಿಸುತ್ತಿತ್ತು, ತಾಟು ತೊಳೆಯುವಾಗ ನಾಳೆ ಅನ್ನಿಸುತ್ತಿತ್ತು. ಆ ವಾಡೆಯ ಸಂಬಂಧವೂ ಕೂಡಲಿಲ್ಲ. ಮಗಳು ಗೋಕಾಕದಲ್ಲಿ ಬಟ್ಟೆ ಅಂಗಡಿಯವರ ಮನೆ ಸೇರಿ ಸುಖವಾಗಿದ್ದಾಳೆ.

ಕೊನೆಯ ದಿನಗಳಲ್ಲಿ ದಾದಾ ಘಟಪ್ರಭಾದ ಆಸ್ಪತ್ರೆಯಲ್ಲಿದ್ದರು. ಗುಳಿಗೆ ಕೊಡುವ ಹುಡುಗಿ ಬಂದಾಗಲೂ ಮಂಚದ ಕಂಬಿ ಹಿಡಿದು ಏಳಲು ನೋಡುತ್ತಿದ್ದರು. "ಈ ಅಜ್ಜಾಗ ಮಲಗೂದ ಬರೂದಿಲ್ಲೇನ್ರಿ?" ಅಂತ ಅವಳು ನನ್ನನ್ನು ಕೇಳಿದಳು. ಒಂದು ಮಧ್ಯಾಹ್ನ ದಾದಾ ಕಣ್ಣು ಮುಚ್ಚಿಕೊಂಡೇ, "ಪರಸಪ್ಪ ಹ್ಯಾಂಗದಾನ?" ಅಂದರು. ಆರಾಮ ಅದಾನ ಅಂದೆ. ಅದಕ್ಕಿಂತ ಒಳ್ಳೆಯ ಸಮಯ ನನಗೆ ಸಿಗುವುದಿರಲಿಲ್ಲ. ನಾನು ಹೊದಿಕೆ ಸರಿಮಾಡಿದೆ.

ಮಣ್ಣಿಗೆ ಊರೆಲ್ಲ ಬಂದಿತು. ಕೇರಿಯಿಂದ ಯಾರೂ ಬರಲಿಲ್ಲ.

ಈ ದಸರೆಗೆ ನಾನು ಹಳ್ಳದ ದಾರಿಯಿಂದ ಕೇರಿಗೆ ಹೋದೆ. ಪರಸಪ್ಪ ಹೊಸ್ತಿಲ ಹತ್ತಿರ ಕಾಲು ಚಾಚಿ ಕೂತಿದ್ದ. "ಬರ್ರಿ ಸಣ್ಣ ಧಣಿ" ಅಂದ. ಏಳಲಿಲ್ಲ.

"ಪರಸಪ್ಪಾ, ದಾದಾನ ಮಣ್ಣಿಗೆ ಬರಲಿಲ್ಲ ನೀ."

"ಬಂದು ಎಲ್ಲಿ ನಿಂದರ್ಲಿ ಹೇಳ್ರಿ. ಹರಿವಾಣದ ಬಾಜೂಕೇನು?"

ಅವನೇ ಮುಂದುವರಿಸಿದ. "ಆ ವರ್ಷ ನಾವು ತಿರುಗಿ ಬರೂದ್ರಾಗ ಎಲ್ಲಾರ ಚಿಲಕದಾಗೂ ಬನ್ನಿ ಇತ್ತು. ಓಣ್ಯಾಗ ಅವರ ಚಪ್ಪಲ ಹೆಜ್ಜಿ. ಆ ಹೆಜ್ಜಿ ನನಗ ಗುರ್ತ ಸಿಗೂದಿಲ್ಲೇನ್ರಿ? ನಮ್ಮ ಹುಡುಗಿ ಅಂದ್ಲು, 'ಅಜ್ಜಾ, ನಾವು ಮನ್ಯಾಗ ಇಲ್ಲದ ಹೊತ್ತ ನೋಡಿ ಬಂದಾರ. ಕೈಯಾಗ ಕೊಡೂದು ತಪ್ಪಸಾಕ ಚಿಲಕಕ್ಕ ಸಿಗಿಸ್ಯಾರ. ಅಲ್ಲಿ ತಮ್ಮನ್ನ ಹರಿವಾಣ ಕಾಯಾಕ ಹಚ್ಯಾರ. ಭಾಳ ಶಾಣ್ಯಾರದಾರ ನಿಮ್ಮ ಧಣಿ.' ಹಂಗಲ್ಲವಾ ಅನ್ನಾಕ ಹೋದೆ. ಏನಂತ ಹೇಳ್ಲಿ?"

ಇದು ನನಗೆ ಗೊತ್ತಿರಲಿಲ್ಲ. ಚಿಲಕದ ಬನ್ನಿ ಯಾರದೆಂದು ಗುರುತು ಸಿಗದೆ, ದಾದಾ ಬರಲೇ ಇಲ್ಲವೆಂದು ಇವರು ತಿಳಿದಿದ್ದಾರೆ ಅಂದುಕೊಂಡಿದ್ದೆ. ಬಂದದ್ದು ತಿಳಿದೂ ಹೀಗೆ ತಿಳಿದಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಚಹಾ ಅಂಗಡಿ, ಬರ್ಲಿ ಅಂದ್ರು ಎಂದದ್ದು, ಯಾರೂ ಬಂದಿಲ್ಲ ಎಂದದ್ದು.

"ನಾವು ಅಷ್ಟೂ ಮಂದಿ ಬಂದದ್ದು ಅವರಿಗೆ ಗೊತ್ತಿರಲಿಲ್ಲೇನ್ರಿ?"

"ಇಲ್ಲ."

"ಕಡೀತನ?"

"ಕಡೀತನ."

ಅವನು ಮುಖ ಆಚೆ ತಿರುಗಿಸಿದ. ನಾನು ಬಗ್ಗಿ, ಕೈಯಲ್ಲಿದ್ದ ಬನ್ನಿಯನ್ನು ಅವನ ಕೈಯ ಹತ್ತಿರ ಹಿಡಿದೆ. ಅವನು ಕೈ ಎತ್ತಲಿಲ್ಲ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ನಿಮ್ಮ ಕೈಲೆ ಬ್ಯಾಡ್ರಿ" ಅಂದ. "ಚಿಲಕಕ್ಕ ಸಿಗಿಸಿ ಹೋಗ್ರಿ. ಅವರ್ದಂತ ತಗೋತೀನಿ."

ಬಾಗಿಲು ತೆರೆದಿತ್ತು. ಚಿಲಕದ ಸರಪಳಿ ಸಡಿಲಾಗಿ ತೂಗುತ್ತಿತ್ತು. ಸಿಕ್ಕಿಸಿದ ಎಲೆ ನಿಲ್ಲದೆ ಜಾರಿ ಬಿತ್ತು. ಪರಸಪ್ಪ ನೋಡುತ್ತ ಕೂತಿದ್ದ. ಬಗ್ಗಿ ಎತ್ತಿಕೊಂಡು ಮತ್ತೆ ಸಿಕ್ಕಿಸಿದೆ.